ಇ-ಸ್ಪೀಕ್ ಎನ್‌ಜಿ ಕನ್ನಡ ಧ್ವನಿ: ಕಾದಂಬರಿ ಸರಾಗ, ನಡುನಡುವೆ ಒಂಬತ್ತು

ಬರಹವನ್ನು ಗಟ್ಟಿಯಾಗಿ ಓದಿ ಹೇಳುವ ತಂತ್ರಾಂಶ ಇ-ಸ್ಪೀಕ್ ಎನ್‌ಜಿ. ಅದರ ಕನ್ನಡ ಯಂತ್ರದ ಕನ್ನಡವೇ. ಮನುಷ್ಯರ ದನಿಯೇ ಬೇಕು ಅನ್ನುವವರಿಗೆ ಇದು ಆಗಿಬರುವುದಿಲ್ಲ. ಯಾರದೋ ಧ್ವನಿಮುದ್ರಣವನ್ನು ಕತ್ತರಿಸಿ ಜೋಡಿಸದೆ, ಸ್ವರಗಳನ್ನು ಲೆಕ್ಕ ಹಾಕಿಯೇ ಹುಟ್ಟಿಸುವ ತಂತ್ರ ಅದರದ್ದು. ಅದಕ್ಕೇ ಕೆಲವೇ ಎಂಬಿಯಲ್ಲಿ ಮುಗಿಯುತ್ತದೆ, ಇಂಟರ್‌ನೆಟ್ ಕೇಳುವುದಿಲ್ಲ, ಕಾಸೂ ಕೇಳುವುದಿಲ್ಲ. ನನ್ನ ಹಳೇ ಲ್ಯಾಪ್‌ಟಾಪಿನ ಮೇಲೆ ಇದಕ್ಕಿಂತ ಹೆಚ್ಚು ಹೊರಿಸುವ ಹಾಗೂ ಇಲ್ಲ.

ಕೇಳುವವರು ಅಮ್ಮ. ಸಣ್ಣ ಅಕ್ಷರ ಓದಲು ಅವರಿಗೀಗ ಕಷ್ಟ. ರಾತ್ರಿ ಊಟ ಮುಗಿದ ಮೇಲೆ ಕ್ಯಾಲಿಬರ್ ಎಂಬ ತಂತ್ರಾಂಶದಲ್ಲಿ ಇಪಬ್ ಅನ್ನು, ಅಂದರೆ ಇ-ಪುಸ್ತಕದ ಫೈಲನ್ನು, ಸಾದಾ ಪಠ್ಯ ಮಾಡಿಕೊಳ್ಳುತ್ತೇನೆ, ಅಧ್ಯಾಯಕ್ಕೊಂದು ಫೈಲಾಗಿ ಒಡೆಯುತ್ತೇನೆ, ವೇಗ ಇಳಿಸುತ್ತೇನೆ. ನಿಮಿಷಕ್ಕೆ 175 ಪದ ಎಂದು ಮೊದಲೇ ಹೊಂದಿಸಿರುತ್ತಾರೆ. ನಮ್ಮ ಉದ್ದುದ್ದ ಪದಗಳಿಗೆ 130 ಸಾಕು. ಓಡಿಸಿ, ಹಾಲಿಗೆ ಹೆಪ್ಪು ಹಾಕಿ ಬರುವಷ್ಟರಲ್ಲಿ ಅಧ್ಯಾಯಗಳೆಲ್ಲ ವೇವ್ ಎಂಬ ಆಡಿಯೋ ಫೈಲುಗಳಾಗಿ ಕೂತಿರುತ್ತವೆ. ಅವನ್ನು ದನಿಯಲ್ಲಿ ಏನೂ ಕಳೆಯದೆ ಕುಗ್ಗಿಸುವ ಫ್ಲ್ಯಾಕ್‌ಗೆ ಬದಲಾಯಿಸಿ ಮಲಗಿದರೆ ಬೆಳಿಗ್ಗೆ ಅವರೆಕಾಯಿ ಸುಲಿಯುತ್ತ ಅಮ್ಮ ಕೇಳುತ್ತಾರೆ.

ಚೆನ್ನಾಗಿಯೇ ನಡೆದಿತ್ತು, ದುಡ್ಡು ಕೊಟ್ಟು ಒಂದು ಇ-ಪುಸ್ತಕ ಕೊಳ್ಳುವವರೆಗೆ.

"ಇದೇನೋ, ಕಥೆ ಮಧ್ಯೆ ಒಂಬತ್ತು ಒಂಬತ್ತು ಅಂತಿದೆ?"

ಫೈಲು ತೆರೆದು ನೋಡಿದೆ. ಕಣ್ಣಿಗೆ ಎಲ್ಲ ಸರಿ. ಹತ್ತಿರದಿಂದ ನೋಡಿದರೆ 'ಕರ್ನಾಟಕ' ಇರಬೇಕಾದಲ್ಲಿ 'ಕನಾ೯ಟಕ', 'ಸೂರ್ಯ' ಇರಬೇಕಾದಲ್ಲಿ 'ಸೂಯ೯'. ಅರ್ಕಾವತ್ತಿನ ಜಾಗದಲ್ಲಿ ಕನ್ನಡದ ಒಂಬತ್ತು ಕೂತಿದೆ. ಅನುಸ್ವಾರವೂ ಅಷ್ಟೇ, ಎಷ್ಟೋ ಕಡೆ ಸೊನ್ನೆ: 'ಬ೦ದ'. ಹಳೆಯ ಫಾಂಟುಗಳಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವಂತೆ ಅಕ್ಷರದ ನಂತರ ಇಡುತ್ತಿದ್ದರು. ಯೂನಿಕೋಡ್‌ನಲ್ಲಿ 'ರ್' ಮೊದಲು ಬರಬೇಕು. ಬದಲಾಯಿಸುವಾಗ ಯಾರೂ ಗಮನಿಸದಿದ್ದರೆ, ಅಥವಾ ಟೈಪಿಸುವವರೇ ನೋಡಲು ಒಂದೇ ಥರ ಇದೆಯಲ್ಲ ಎಂದು ಅಂಕಿ ಒತ್ತಿದರೆ, ಹೀಗಾಗುತ್ತದೆ. ಓದುವವರು ದಾಟಿಕೊಂಡು ಹೋಗುತ್ತಾರೆ. ಪಾಪದ ಯಂತ್ರ 'ಸೂಯ ಒಂಬತ್ತು' ಎಂದು ಉದಯಿಸುತ್ತದೆ. ಪುಟಕ್ಕೆ ಹತ್ತಾರು ಸಲ.

ಮಾರಿದವರಿಗೆ ಬರೆದೆ. ಉತ್ತರವಿಲ್ಲ. ಕಾಗದದ ಪುಸ್ತಕದಲ್ಲಿ ಇಷ್ಟು ತಪ್ಪಿದ್ದರೆ ವಾಪಸ್ ಕೊಡುತ್ತಿದ್ದೆ.

ಕೊನೆಗೆ ಹುಡುಕಿ-ಬದಲಾಯಿಸುವ ಸೂತ್ರ ಬರೆದುಕೊಂಡೆ. ಸೊನ್ನೆ ಸುಲಭ: ಅಕ್ಷರದ ಬೆನ್ನಿಗೆ ಬಂದರೆ ಅನುಸ್ವಾರ ಮಾಡು, ಅಂಕಿಯ ಬೆನ್ನಿಗೆ ಬಂದರೆ ಮುಟ್ಟಬೇಡ. ಇಲ್ಲದಿದ್ದರೆ ೧೦ ಕೆಡುತ್ತದೆ. ಒಂಬತ್ತು ಮಾತ್ರ ಹಟಮಾರಿ. ಗುಣಿತ, ಒತ್ತು ಎಲ್ಲ ದಾಟಿ ಹಿಂದಕ್ಕೆ ಹೋಗಿ ಅಲ್ಲಿ 'ರ್' ಕೂರಿಸಬೇಕು. ಈಗ ಯಾವ ಹೊಸ ಪುಸ್ತಕ ಬಂದರೂ ಮೊದಲು ಈ ಸೂತ್ರಕ್ಕೆ ಒಡ್ಡಿಯೇ ಮುಂದಿನ ಕೆಲಸ.

ಇನ್ನು ಫ್ಲ್ಯಾಕ್‌ನಂತೆ ಏನೂ ಕಳೆಯದ (ಲಾಸ್‌ಲೆಸ್) ಫೈಲೇ ಬೇಕೇ ಎಂಬ ಮಾತು. ಇ-ಸ್ಪೀಕ್ ಕೊಡುವುದು 22,050 ಹರ್ಟ್ಸ್, 16 ಬಿಟ್, ಮೋನೊ. ಒಂದು ಗಂಟೆಗೆ ಸುಮಾರು 159 ಎಂಬಿ, ಫ್ಲ್ಯಾಕ್‌ನಲ್ಲಿ ಅದರ ಅರ್ಧದ ಆಸುಪಾಸು. ಅದೇ ಗಂಟೆ, ದನಿಯಲ್ಲಿ ಒಂದಿಷ್ಟು ಬಿಟ್ಟು ಕುಗ್ಗಿಸುವ ಓಪಸ್‌ನಲ್ಲಿ (24 ಕೆಬಿಪಿಎಸ್) 11 ಎಂಬಿ. ಅಮ್ಮನ ಫೋನಿನ ಸ್ಪೀಕರಿನಲ್ಲಿ ಎರಡಕ್ಕೂ ವ್ಯತ್ಯಾಸ ನನಗಂತೂ ತಿಳಿಯಲಿಲ್ಲ. ಹಾಗಾಗಿ ಫ್ಲ್ಯಾಕ್ ಲ್ಯಾಪ್‌ಟಾಪಿನಲ್ಲಿ ಮೂಲಪ್ರತಿ, ಫೋನಿಗೆ ಓಪಸ್. ಒಂದು ಅಧ್ಯಾಯ ತಿದ್ದಿ ಮತ್ತೆ ಜೋಡಿಸುವಾಗ ಮೂಲಪ್ರತಿ ಉಪಯೋಗಕ್ಕೆ ಬರುತ್ತದೆ. ಆನ್‌ಲೈನ್ ಧ್ವನಿಯಿಂದ ಎಂಪಿ3 ಆಗಿ ಇಳಿದದ್ದನ್ನು ಫ್ಲ್ಯಾಕ್ ಮಾಡುವವರಿಗೆ ಒಂದು ಮಾತು: ಫೈಲು ದಪ್ಪವಾಗುತ್ತದೆ, ಕಳೆದದ್ದು ವಾಪಸ್ ಬರುವುದಿಲ್ಲ. ನನ್ನ ಫ್ಲ್ಯಾಕ್‌ನಲ್ಲಾದರೆ ಏನೂ ಕಳೆದಿರಲಿಲ್ಲ, ಆ ಒಂಬತ್ತುಗಳು ಕೂಡ.

ನಾನು ಎಣಿಸದ ಸಂಗತಿ ಬೇರೆ. ಮನುಷ್ಯರೇ ಓದಿದ ಆಡಿಯೋ ಪುಸ್ತಕ ಹಾಕಿಕೊಡುತ್ತೇನೆ ಎಂದರೆ ಅಮ್ಮ ಬೇಡ ಅಂದರು. "ಅವ್ರು ಅಳೋ ಕಡೆ ತಾವೇ ಅತ್ತುಬಿಡ್ತಾರೆ. ಇದು ಸುಮ್ನೆ ಓದುತ್ತೆ, ಅಳೋದು ನಂಗೆ ಬಿಡುತ್ತೆ." ಇದಾದ ಮೇಲೆ ಧ್ವನಿಯ ಬಗ್ಗೆ ನನ್ನ ಗೊಣಗಾಟ ಕಡಿಮೆಯಾಗಿದೆ.

ಪದ್ಯಕ್ಕೆ ಬೇಡವೇ ಬೇಡ, ಲಯದ ಗಂಧವಿಲ್ಲ. ಬೀಗ ಹಾಕಿ ಮಾರುವ ಇ-ಪುಸ್ತಕಗಳಿಗೂ ಈ ದಾರಿ ಇಲ್ಲ. ಕಾಪಿರೈಟ್ ಮುಗಿದವು ಕನ್ನಡ ವಿಕಿಸೋರ್ಸ್‌ನಲ್ಲಿ ಇಪಬ್ ಆಗಿಯೇ ಇಳಿಯುತ್ತವೆ, ಅಲ್ಲಿಂದ ಶುರುಮಾಡಿ.

ಧ್ವನಿಗೆ 5ಕ್ಕೆ 4. ಕೊಂಡ ಆ ಇಪಬ್‌ಗೆ 1, ಅದೂ ಮುಖಪುಟ ಚೆನ್ನಾಗಿದೆ ಅಂತ.