ಒತ್ತಿದ ಮಣ್ಣಿನ ಇಟ್ಟಿಗೆ: ಬೆಂಗಳೂರಿನ ಮನೆಗೆ ಒಪ್ಪುವ ಗೋಡೆ

ಹಸಿರು ಮನೆಯ ಹೆಸರಿನಲ್ಲಿ ಮಾರುಕಟ್ಟೆಗೆ ಬಂದಿರುವ ಸಾಮಗ್ರಿಗಳ ಪೈಕಿ ನಾನು ಹಿಂಜರಿಕೆಯಿಲ್ಲದೆ ಶಿಫಾರಸು ಮಾಡುವುದು ಸಿಮೆಂಟ್ ಬೆರೆಸಿ ಒತ್ತಿದ ಮಣ್ಣಿನ ಇಟ್ಟಿಗೆಯನ್ನು. ನಮ್ಮ ಎರಡಂತಸ್ತಿನ ಮನೆಯ ಗೋಡೆಗಳೆಲ್ಲ ಇದರವೇ ಆಗಿದ್ದು, ಹಲವು ಮಳೆಗಾಲಗಳನ್ನು ಚೆನ್ನಾಗಿಯೇ ತಾಳಿಕೊಂಡಿವೆ.

ವಿಜ್ಞಾನಿ ಅಮೂಲ್ಯ ರೆಡ್ಡಿಯವರ ಮುಂದಾಳತ್ವದಲ್ಲಿ 1974ರಲ್ಲಿ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಆರಂಭವಾದ ಗ್ರಾಮೀಣ ತಂತ್ರಜ್ಞಾನದ ‘ಅಸ್ತ್ರ’ ಕೇಂದ್ರವು ಹಳ್ಳಿಗಳನ್ನು ಮನಸ್ಸಿನಲ್ಲಿಟ್ಟುಕೊಂಡು ಬೆಳೆಸಿದ ಈ ವಿಧಾನ ನಗರದ ಸೈಟಿಗೂ ಅಷ್ಟೇ ಹೊಂದುತ್ತದೆ. ಪಾಯ ಮತ್ತು ಸಂಪು ತೋಡುವಾಗ ಮೇಲೆ ಬಂದ ಕೆಮ್ಮಣ್ಣನ್ನೇ ಜರಡಿ ಹಿಡಿದು, ಜೇಡಿಯಂಶ ಹೆಚ್ಚಿದ್ದರೆ ಮರಳನ್ನೋ ಕಲ್ಲುಪುಡಿಯನ್ನೋ ಕೂಡಿಸಿ, ಶೇ 7–8ರಷ್ಟು ಸಿಮೆಂಟ್ ಬೆರೆಸಿ, ಕೈಯಂತ್ರದಲ್ಲಿ ಒತ್ತಿ, ಮೂರು ನಾಲ್ಕು ವಾರ ನೀರುಣಿಸಿದರೆ ಇಟ್ಟಿಗೆ ಸಿದ್ಧ. ಗೂಡಿನಲ್ಲಿ ಸುಡುವ ಕೆಲಸವೇ ಇಲ್ಲದಿರುವುದರಿಂದ ಸೌದೆ, ಕಲ್ಲಿದ್ದಲು ಉಳಿತಾಯವಾಗುತ್ತವೆ, ಹೊಗೆಯೂ ತಪ್ಪುತ್ತದೆ. ಮಣ್ಣನ್ನು ಲಾರಿಯಲ್ಲಿ ಹೊರಗೆ ಸಾಗಿಸಿ ಕೆರೆಯಂಗಳಕ್ಕೆ ಸುರಿಯುವುದೂ ತಪ್ಪುತ್ತದೆ. ನನ್ನ ದೃಷ್ಟಿಯಲ್ಲಿ ಇದರ ದೊಡ್ಡ ಗುಣ ಇದೇ.

ಆದರೆ ಗುಣಮಟ್ಟ ಒಂದೇ ಸಮ ಇರುವುದಿಲ್ಲ. ಸೈಟಿನಲ್ಲೇ ಮಾಡಿಸಿದ್ದು ಸಾಲದೆ ಹೊರಗಿನಿಂದ ತರಿಸಿದ ಒಂದು ಲೋಡಿನಲ್ಲಿ ಮೂಲೆಗಳು ಬೆರಳಿಗೇ ಉದುರುತ್ತಿದ್ದವು. ಕೊಳ್ಳುವ ಮೊದಲು ಒಂದು ಇಟ್ಟಿಗೆಯನ್ನು ರಾತ್ರಿಯಿಡೀ ನೀರಿನಲ್ಲಿ ಮುಳುಗಿಸಿಟ್ಟು, ಬೆಳಿಗ್ಗೆ ಅಂಚನ್ನು ಬೀಗದ ಕೈಯಿಂದ ಗೀರಿ ನೋಡಬೇಕು. ಕೆಸರಿನಂತೆ ಎದ್ದು ಬಂದರೆ ಆ ಸರಕು ಬೇಡ. ಒಣಗಿದಾಗ ಎಲ್ಲವೂ ಗಟ್ಟಿಯಾಗಿಯೇ ಕಾಣುವುದರಿಂದ ಪ್ರಯೋಗಾಲಯದಲ್ಲಿಯೂ ನೆನೆದ ಇಟ್ಟಿಗೆಯ ಬಲವನ್ನೇ ಕೇಳಿ ಪಡೆಯಬೇಕು.

ವೈರಿಂಗ್ ಮತ್ತು ನೀರಿನ ಪೈಪುಗಳ ದಾರಿಯನ್ನು ಗೋಡೆ ಏಳುವ ಮೊದಲೇ ನಿರ್ಧರಿಸದಿದ್ದರೆ ಕಟರ್ ಹಾಕಿ ಕೊರೆಯುವಾಗ ಗೋಡೆಯ ಅಂದವೂ ಬಲವೂ ಕೆಡುತ್ತವೆ. ಹೊರಗೋಡೆಗೆ ಪ್ಲಾಸ್ಟರ್ ಬೇಡವೆನ್ನುವುದು ನಿಜವಾದರೂ, ಅಗಲವಾದ ಸಜ್ಜಾ ಮತ್ತು ನೆಲದಿಂದ ಒಂದೆರಡು ಅಡಿ ಎತ್ತರದ ಕಲ್ಲಿನ ಕಟ್ಟು ಇರಲೇಬೇಕು. ಮಳೆನೀರು ನೆಲಕ್ಕೆ ಬಿದ್ದು ಚಿಮ್ಮುವ ಕಡೆಯೇ ಮೊದಲು ಸವೆಯುತ್ತದೆ.

ಗೋಡೆ ಮಣ್ಣಿನದಾದ ಮಾತ್ರಕ್ಕೆ ಮನೆ ತಂಪಾಗುತ್ತದೆ ಎಂಬ ಮಾರಾಟಗಾರರ ಮಾತನ್ನು ಮಾತ್ರ ನಾನು ಒಪ್ಪುವುದಿಲ್ಲ. ಏಪ್ರಿಲ್‌ನಲ್ಲಿ ಮೇಲಂತಸ್ತಿಗೆ ಸೆಕೆ ಇಳಿಯುವುದು ಹೆಚ್ಚಾಗಿ ತಾರಸಿಯಿಂದ. ಅದಕ್ಕೆ ಬಿಳಿ ಹೆಂಚೋ ನೆರಳೋ ಬೇಕು, ಪಶ್ಚಿಮದ ಕಿಟಕಿ ಚಿಕ್ಕದಾಗಿರಬೇಕು.

ಇಟ್ಟಿಗೆಯ ದರ ಅಗ್ಗವಲ್ಲ. ಉಳಿತಾಯವಾಗುವುದು ಗಾರೆ ಮತ್ತು ಬಣ್ಣದಲ್ಲಿ. ಅನುಭವವಿರುವ ಮೇಸ್ತ್ರಿ ಸಿಕ್ಕರೆ, ಎರಡಂತಸ್ತಿನವರೆಗಿನ ಮನೆಗೆ ಧೈರ್ಯವಾಗಿ ಬಳಸಬಹುದು. ಹುಬ್ಬಳ್ಳಿ, ಕಲಬುರಗಿ ಕಡೆಯ ಎರೆಮಣ್ಣು ಹಿಗ್ಗಿ ಕುಗ್ಗುವಂಥದ್ದಾದ್ದರಿಂದ ಸಿಮೆಂಟ್ ಒಂದೇ ಸಾಲದು, ಸುಣ್ಣ ಬೇಕಾಗುತ್ತದೆ; ಅಲ್ಲಿಯವರು ಮಣ್ಣಿನ ಪರೀಕ್ಷೆಯ ವರದಿ ಕೈಗೆ ಬರುವವರೆಗೆ ಮುಂಗಡ ಕೊಡದಿರುವುದು ಒಳ್ಳೆಯದು.