ಆಭಾ ಆ್ಯಪ್: ಪಾಳಿ ಚೀಟಿಗಂತ ಹಾಕ್ಕೊಂಡವರು ಒಳಗೂ ಒಮ್ಮೆ ನೋಡ್ರಿ

ಮೊದಲ ನೇರ ಹೇಳಿಬಿಡ್ತೀನಿ, ನಮ್ಮ ದವಾಖಾನಿ ರಿಪೋರ್ಟ್ ಫೋನಿನಾಗ ಇಟ್ಕೊಳ್ಳಾಕ ಸರ್ಕಾರದವರು ಮಾಡಿರೋ ಆಭಾ ಆ್ಯಪ್‌ಗೆ ನಾ ಐದಕ್ಕ ಮೂರೂವರೆ ಸ್ಟಾರ್ ಕೊಡ್ತೀನಿ, ಮತ್ತ ಮನಿಯೊಳಗ ಶುಗರ್, ಬಿಪಿ, ಕಿಡ್ನಿ, ಹಾರ್ಟ್ ಅಂತ ವರ್ಷಗಟ್ಲೆ ದವಾಖಾನಿ ಅಡ್ಡಾಡೋರು ಯಾರರ ಇದ್ರ ಇವತ್ತೇ ಹಾಕ್ಕೊಳ್ರಿ ಅಂತೀನಿ. ನಮ್ಮ ವಿಜಯಪುರದಾಗ ಈಗ ಭಾಳ ಮಂದಿ ಕಡೆ ಆಭಾ ನಂಬರ್ ಅದ. ಎದಕ್ಕ ಮಾಡ್ಸೀರಿ ಅಂತ ಕೇಳಿದ್ರ ಒಬ್ಬರು ಅದು ಐದು ಲಕ್ಷದ ಕಾರ್ಡ್ ಅಂತಾರ, ಇನ್ನೊಬ್ಬರು ಚೀಟಿ ಲಗೂ ಸಿಗ್ತದ ಅಂತಾರ. ನಮ್ಮ ರಿಪೋರ್ಟ್ ಇಟ್ಕೊಳ್ಳಾಕ ಮಾಡ್ಸೀವಿ ಅಂದವರು ನನಗಂತೂ ಸಿಕ್ಕಿಲ್ಲ, ಅದರ ಮುಖ್ಯ ಕೆಲಸನ ಅದು ಇರೋವಾಗ.

ಐದು ಲಕ್ಷದ ಮಾತು ಮೊದಲ ಮುಗಸ್ತೀನಿ ಯಾಕಂದ್ರ ಇದರಾಗ ಭಾಳ ಗೊಂದಲ ಅದ. ಬಿಪಿಎಲ್ ಕುಟುಂಬಕ್ಕ ವರ್ಷಕ್ಕ 5 ಲಕ್ಷದ ತನಕ ಟ್ರೀಟ್‌ಮೆಂಟ್ ಸಿಗೋದು ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯೊಳಗ, ಅದು ಬ್ಯಾರೆ ಕಾರ್ಡ್. ಆಭಾ ಅಂದ್ರ 14 ಅಂಕಿ ಒಂದು ನಂಬರ್, ನಿಮ್ಮ ಆರೋಗ್ಯದ ಖಾತೆ, ಅದರಾಗ ರೊಕ್ಕ ಇರೋದಿಲ್ಲ. 2021ರ ಸೆಪ್ಟೆಂಬರ್ 27ಕ್ಕ ದೇಶದ ತುಂಬ ಶುರು ಆದ ಕೇಂದ್ರ ಸರ್ಕಾರದ ಆಯುಷ್ಮಾನ್ ಭಾರತ್ ಡಿಜಿಟಲ್ ಮಿಷನ್ನಿನ ಕೆಳಗ ಬರ್ತದ, ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರದವರು ನಡಸ್ತಾರ, ಮಾಡ್ಸಾಕ ಖರ್ಚಿಲ್ಲ, ಮಾಡಸಲೇಬೇಕು ಅಂತ ಕಡ್ಡಾಯನೂ ಇಲ್ಲ.

ಇನ್ನ ಪಾಳಿ ಚೀಟಿ. 2022ರ ಅಕ್ಟೋಬರ್‌ನಾಗ ಸ್ಕ್ಯಾನ್ ಮಾಡಿ ಶೇರ್ ಮಾಡೋದು ಬಂತಲ್ಲ, ಕೌಂಟರ್ ಹತ್ರ ಗೋಡೆಗೆ ಹಚ್ಚಿರೋ ಕ್ಯೂಆರ್ ಸ್ಕ್ಯಾನ್ ಮಾಡಿದ್ರ ಹೆಸರು, ವಯಸ್ಸು, ವಿಳಾಸ ಎಲ್ಲಾ ತಾನ ಹೋಗಿ ಫೋನಿಗೆ ಟೋಕನ್ ನಂಬರ್ ಬರ್ತದ. ಮೊಣಕಾಲು ನೋವು ಇರೋ ವಯಸ್ಸಾದವರಿಗೆ ಇದು ದೊಡ್ಡ ಅನುಕೂಲ, ಬೆಂಚಿನ ಮ್ಯಾಲೆ ಕುಂತೇ ಪಾಳಿ ಹಚ್ಚಬಹುದು. ನಮ್ಮವ್ವನ್ನ ಸರ್ಕಾರಿ ದವಾಖಾನಿಗೆ ಕರ್ಕೊಂಡು ಹೋದಾಗ ನೋಡೀನಿ, ಇಂಡಿ, ಸಿಂದಗಿ ಕಡೆಯಿಂದ ಮುಂಜಾನಿ ಬಸ್ಸಿಗೆ ಬಂದ ಹಳ್ಳಿ ಮಂದಿಗೆ ಅಲ್ಲೇ ನಿಂತ ಹುಡುಗ್ರು ಆ್ಯಪ್ ಹಾಕಿಕೊಟ್ಟು ಟೋಕನ್ ತಗದು ಕೊಡ್ತಿದ್ರು. ಇದರಿಂದನ ಆ್ಯಪ್ ಇಷ್ಟು ಫೋನಿನಾಗ ಹೊಕ್ಕಿದ್ದು ಅಂತ ನನಗ ಅನಸ್ತದ. ಆದ್ರ ಟೋಕನ್ ಬಂತು, ಡಾಕ್ಟರ್‌ಗೆ ತೋರಿಸಿದ್ವಿ, ಗುಳಗಿ ತಗೊಂಡ್ವಿ, ಮುಂದಿನ ಪಾಳಿ ಬರೋತನಕ ಆ್ಯಪ್ ತಗದು ನೋಡೋರಿಲ್ಲ, ರಿಪೋರ್ಟ್ ಮತ್ತ ಬಟ್ಟಿ ಅಂಗಡಿ ಕ್ಯಾರಿಬ್ಯಾಗ್‌ನಾಗ.

ನಾ ಯಾಕ ಇಷ್ಟು ಹೇಳಾಕತ್ತೀನಿ ಅಂದ್ರ ನಮ್ಮವ್ವಗ ಶುಗರ್ ಅದ, ಹೋದ ವರ್ಷ ಎದಿ ಹಿಡದಂಗ ಆಗಿ ಇಲ್ಲಿಯ ಡಾಕ್ಟರ್ ಸಾಹೇಬ್ರು ಸೊಲ್ಲಾಪುರಕ್ಕ ಹೋಗಿ ತೋರಸ್ರಿ ಅಂದ್ರು. ನಮ್ಮ ಕಡೆಯವರಿಗೆ ಇದು ಹೊಸದಲ್ಲ, ನೂರು ಕಿಲೋಮೀಟರ್ ಆಸುಪಾಸು, ಇಂಡಿ, ಚಡಚಣದವರಿಗಂತೂ ಇನ್ನೂ ಹತ್ರ, ಬೆಳಗಾವಿ ಕಡೆಯವರು ಮಿರಜ್‌ಗೆ ಹೋದಂಗ. ರಾಜ್ಯ ದಾಟಿದ ಮ್ಯಾಲೆ ಅಲ್ಲಿಯ ಡಾಕ್ಟರ್‌ಗೆ ನಮ್ಮವ್ವನ ಹಿಂದಿನದು ಏನೂ ಗೊತ್ತಿಲ್ಲ. ಆಂಜಿಯೋಗ್ರಾಂ, ಅಂದ್ರ ಡೈ ಹಾಕಿ ಹಾರ್ಟಿನ ರಕ್ತನಾಳ ನೋಡೋದು, ಅದನ್ನ ಮಾಡೋ ಮೊದಲ ಕಿಡ್ನಿ ಹೆಂಗ ಕೆಲಸ ಮಾಡ್ತದ ಅಂತ ತಿಳಿಸೋ ಕ್ರಿಯಾಟಿನಿನ್ ರಕ್ತದಾಗ ಎಷ್ಟದ ಅಂತ ನೋಡ್ತಾರ, ಯಾಕಂದ್ರ ಅದರಾಗ ಹಾಕೋ ಡೈ ಕಿಡ್ನಿಯಿಂದನ ಹೊರಗ ಹೋಗಬೇಕು. ಅವತ್ತಿನ ರಕ್ತ ಪರೀಕ್ಷೆ ಅವರು ಮಾಡ್ಸಿದ್ರು ಬಿಡ್ರಿ, ಆದ್ರ ಸಾಹೇಬ್ರು ಕೇಳಿದ್ದು "ಮೊದಲ ಎಷ್ಟಿತ್ತು?" ಅಂತ. ಆ್ಯಪ್‌ನಾಗ ನಾ ಹಾಕಿಟ್ಟ ಹಳೇ ರಿಪೋರ್ಟ್ ಒಂದೊಂದ ತಗದು ತೋರಿಸಿದೆ, ಕ್ರಿಯಾಟಿನಿನ್ ಸಣ್ಣಂಗ ಏರ್ಕೋತ ಬಂದದ್ದು ಅವರಿಗೆ ಕಂಡ್ತು, ಶುಗರಿನ ಎಚ್‌ಬಿಎ1ಸಿ ರಿಪೋರ್ಟೂ ಇತ್ತು, ಆ ಪರೀಕ್ಷೆ ಮೂರು ತಿಂಗಳ ಸರಾಸರಿ ಶುಗರ್ ಹೇಳ್ತದಲ್ಲ. ಡೈ ಕಡಿಮಿ ಹಾಕೋದು, ಅದಕ್ಕೂ ಮೊದಲ ಯಾವ ಗುಳಗಿ ನಿಲ್ಲಿಸೋದು, ಎಲ್ಲಾ ಅದನ್ನ ನೋಡೇ ಮಾಡಿದ್ರು. ಒಂದು ರಿಪೋರ್ಟ್ ಅಂದ್ರ ಒಂದು ದಿನದ ನಂಬರ್, ನಾಕೈದು ವರ್ಷದ್ದು ಒಂದ ಕಡೆ ಇದ್ರ ಬ್ಯಾನಿ ಯಾವ ದಿಕ್ಕಿಗೆ ಹೊಂಟದ ಅನ್ನೋದು ತಿಳೀತದ.

ಈಗ ತ್ರಾಸಿನ ಮಾತು. ಆ್ಯಪ್ ಹಾಕ್ಕೊಂಡ್ರ ಎಲ್ಲಾ ರಿಪೋರ್ಟ್ ತಾವ ಬಂದು ಬೀಳ್ತಾವ ಅಂತ ತಿಳ್ಕೋಬ್ಯಾಡ್ರಿ. ಡಿಜಿಟಲ್ ಮಿಷನ್ನಿಗೆ ಸೇರಿದ ಸಾಫ್ಟ್‌ವೇರ್ ಯಾವ ದವಾಖಾನಿ, ಯಾವ ಲ್ಯಾಬ್‌ನಾಗ ಅದನೋ, ಯಾರು ನಿಮ್ಮ ನಂಬರ್ ಕೇಳಿ ಲಿಂಕ್ ಮಾಡ್ತಾರೋ, ಅಲ್ಲಿಯದು ಅಷ್ಟ ಬರ್ತದ. ಹಂಗ ಬರೋದೂ ದಿಲ್ಲಿಯೊಳಗ ಒಂದು ದೊಡ್ಡ ಕಪಾಟಿನಾಗ ಕೂಡಿಟ್ಟಿರೋದಿಲ್ಲ, ರಿಪೋರ್ಟ್ ಆಯಾ ದವಾಖಾನಿ ಕಡೇನ ಇರ್ತದ, ನೀವು ಹೂಂ ಅಂದ್ರ ಅಲ್ಲಿಂದ ತರಿಸಿ ತೋರಸ್ತದ. ಉಳಿದದ್ದೆಲ್ಲ ನೀವ ಫೋಟೊ ಹೊಡದು ಹಾಕಬೇಕು. ನಮ್ಮವ್ವನ ಹಳೇ ರಿಪೋರ್ಟೆಲ್ಲ ನಾನ ಕುಂತು ಹಾಕಿದ್ದು. ಮೊದಲ ಇಸಿಜಿ ಹಾಕ್ರಿ, ಯಾಕಂದ್ರ ಅದು ಬರೋದು ಥರ್ಮಲ್ ಕಾಗದದ ಮ್ಯಾಲೆ, ಬಿಸಿಲಿಗೆ, ಸಕಿಗೆ ಅಕ್ಷರ ಮಾಸಿ ಮಾಸಿ ಬಿಳಿ ಕಾಗದ ಉಳೀತದ, ನಮ್ಮ ಬಿಜಾಪುರದ ಬ್ಯಾಸಿಗಿ ನಿಮಗ ಗೊತ್ತೇ ಅದ. ಆಮೇಲೆ ಡಿಸ್ಚಾರ್ಜ್ ಕಾರ್ಡ್, ಆಪರೇಶನ್ ಆಗಿದ್ರ ಅದರ ಚೀಟಿ, ಯಾವುದರ ಇಂಜೆಕ್ಷನ್, ಗುಳಗಿ ಮೈಗೆ ಒಗ್ಗಿಲ್ಲ ಅಂದ್ರ ಅದನ್ನ ಬರದ ಕಾಗದ. ನೆಗಡಿ ಜ್ವರದ ಚೀಟಿ ಎಲ್ಲಾ ತುಂಬಬ್ಯಾಡ್ರಿ, ಬೇಕಾದಾಗ ಬೇಕಾದದ್ದು ಸಿಗೋದಿಲ್ಲ.

ಲಿಂಕ್ ಆಗೋ ದವಾಖಾನಿ ಇದ್ರೂ ಒಂದು ತೊಡಕು ಅದ, ನಮ್ಮ ಹಳ್ಳಿ ಮಂದಿಗಂತೂ ಭಾಳ. ದವಾಖಾನಿ ಫೈಲೂ ಆಭಾನೂ ಒಬ್ಬರದೇ ಹೌದೋ ಅಲ್ಲೋ ಅಂತ ಮೊಬೈಲ್ ನಂಬರ್, ಹೆಸರು, ಹುಟ್ಟಿದ ವರ್ಷ, ಗಂಡೋ ಹೆಣ್ಣೋ ಅಂತ ತಾಳೆ ನೋಡ್ತದ. ಆಧಾರ್‌ನಾಗ ಸಿದ್ದವ್ವ ಅಂತ ಇದ್ದವರು ದವಾಖಾನಿ ಫೈಲ್‌ನಾಗ ಸಿದ್ದಮ್ಮ ಆಗಿರ್ತಾರ, ಗಂಡನ ಹೆಸರು ಒಂದು ಕಡೆ ಮುಂದ, ಇನ್ನೊಂದು ಕಡೆ ಅಡ್ಡಹೆಸರು ಹಿಂದ. ವಯಸ್ಸಿನದ್ದು ಇನ್ನೂ ಕಷ್ಟ, ನಮ್ಮ ಹಿರ್‍ಯಾರು ಎಷ್ಟು ಮಂದಿ ಜನವರಿ 1ಕ್ಕ ಹುಟ್ಟ್ಯಾರ ನೋಡ್ರಿ ಆಧಾರ್‌ನಾಗ, ಆ ವರ್ಷನೂ ಅಂದಾಜಿಂದ, ಕೌಂಟರ್‌ನಾಗ ಕೇಳಿದ್ರ ಅವರು ಮತ್ತೊಂದು ಅಂದಾಜು ಹೇಳ್ತಾರ. ಹಿಂಗಾಗಿ ಚೀಟಿ ಮಾಡ್ಸೋವಾಗನ ಆಧಾರ್ ಕಾರ್ಡ್ ಮುಂದಿಟ್ಟು ಹೆಸರು, ವರ್ಷ ಅದರಂಗ ಬರಸ್ರಿ, ಫೈಲ್ ಮಾಡಿದ ಮ್ಯಾಲೆ ತಿದ್ದಸೋದು ಭಾಳ ತ್ರಾಸ.

ಊರಾಗ ಒಂದು ಖಾಸಗಿ ದವಾಖಾನಿ, ಹೆಸರು ಬ್ಯಾಡ, ಅಲ್ಲಿ ನಮ್ಮ ಕಾಕಾ ಅಡ್ಮಿಟ್ ಆಗಿದ್ರು. ಬಿಡುಗಡಿ ಮಾಡೋವಾಗ ಬಿಲ್ಲು ಮತ್ತ ಗುಳಗಿ ಬರದ ಒಂದು ಹಾಳಿ ಕೊಟ್ರು, ಒಳಗ ಮಾಡಿದ ತಪಾಸಣಿ ಕಾಗದ ಕೇಳಿದ್ರ "ಅವು ನಮ್ಮ ಕಡೆ ಇರ್ತಾವ್ರಿ" ಅಂತ ಕಳಸಿದ್ರು. ನನಗ ಭಾಳ ಸಿಟ್ಟು ಬಂತು. ನಮ್ಮ ರಕ್ತ, ನಮ್ಮ ರೊಕ್ಕ, ನಮ್ಮ ಮೈಯಾಗ ಏನಾತು ಅನ್ನೋ ಕಾಗದ ನಮಗ ಕೊಡಂಗಿಲ್ಲ ಅಂದ್ರ ಹೆಂಗ. ಭಾರತೀಯ ವೈದ್ಯಕೀಯ ಪರಿಷತ್ತಿನ 2002ರ ನಿಯಮದಾಗ ಸಾಫ್ ಬರದದ, ಪೇಶಂಟ್ ಆಗಲಿ ಅವರ ಪರವಾಗಿ ಬಂದವರಾಗಲಿ ದಾಖಲೆ ಕೇಳಿದ್ರ 72 ತಾಸಿನೊಳಗ ಕೊಡಬೇಕು, ಅಡ್ಮಿಟ್ ಆದವರ ದಾಖಲೆ 3 ವರ್ಷ ಇಟ್ಟಿರಬೇಕು. ಇದನ್ನ ಅರ್ಜಿಯೊಳಗ ಬರದು ಕೊಟ್ಟ ಮ್ಯಾಲೆ ಝೆರಾಕ್ಸ್ ಕೊಟ್ರು. ಜಗಳ ಮಾಡಬ್ಯಾಡ್ರಿ, ಬರದು ಕೊಡ್ರಿ, ಬರದದ್ದಕ್ಕ ಕಿಮ್ಮತ್ತು ಅದ.

ಮಂದಿ ರಿಪೋರ್ಟ್ ಒಂದ ಕಡೆ ಕೂಡಿಡೋ ಇಂಥಾ ಕೆಲಸ ದೊಡ್ಡ ದೊಡ್ಡ ಕಂಪನಿಗಳಿಗೂ ಆಗಿಬರ್ಲಿಲ್ಲ ಅನ್ನೋದೂ ನೆನಪಿರಲಿ. ಗೂಗಲ್ 2008ರಾಗ ಗೂಗಲ್ ಹೆಲ್ತ್ ಅಂತ ಶುರು ಮಾಡಿತ್ತು, 2012ರ ಹೊತ್ತಿಗೆ ಬಂದ್ ಮಾಡ್ತು, ಅಂದ್ಕೊಂಡಷ್ಟು ಮಂದಿ ಬಳಸ್ಲಿಲ್ಲ ಅಂತ ತಾನ ಹೇಳ್ತು. ಮೈಕ್ರೋಸಾಫ್ಟ್‌ನ ಹೆಲ್ತ್‌ವಾಲ್ಟ್ 2007ರಿಂದ 2019ರ ತನಕ ನಡದು ನಿಂತ್ತು. ಕೈಲೆ ತುಂಬೋ ಕೆಲಸ ಪೇಶಂಟಿನ ಮ್ಯಾಲೆ ಬಿಟ್ರ, ಆರಾಮ ಇಲ್ಲದವರು ಎಷ್ಟು ದಿನ ತುಂಬ್ಯಾರು. ಆಭಾದಾಗ ದವಾಖಾನಿಗಳನ್ನೂ ಜೋಡಿಸೋ ದಾರಿ ಇಟ್ಟಾರ, ಅದಕ್ಕ ಇದರ ಮ್ಯಾಲೆ ನನಗ ಆಶಾ ಅದ, ಆದ್ರ ನಮ್ಮ ಸಣ್ಣ ಕ್ಲಿನಿಕ್, ಓಣಿ ಲ್ಯಾಬ್ ಸೇರೋತನಕ ಮೂರೂವರೆಕಿಂತ ಹೆಚ್ಚು ಕೊಡಾಕ ಮನಸ್ಸು ಬರೋದಿಲ್ಲ.

ನನಗ ಅಗದೀ ಸೇರಿದ್ದು ಅಂದ್ರ ಒಪ್ಪಿಗಿ ಕೇಳೋ ಭಾಗ. ಡಾಕ್ಟರ್ ನಿಮ್ಮ ದಾಖಲೆ ನೋಡ್ಬೇಕಂದ್ರ ಆ್ಯಪ್‌ಗೆ ಕೋರಿಕಿ ಬರ್ತದ, ಎಂಥಾ ದಾಖಲೆ, ಯಾವ ತಾರೀಖಿನಿಂದ ಯಾವ ತಾರೀಖಿನದು, ಎಷ್ಟು ದಿನ ನೋಡಬಹುದು ಅಂತ ಎಲ್ಲಾ ಕಾಣಸ್ತದ, ಬ್ಯಾಡ ಅನ್ನಬಹುದು, ಕೊಟ್ಟ ಮ್ಯಾಲೂ ವಾಪಸ್ ತಗೋಬಹುದು. ಅವರು ಅಷ್ಟೊತ್ತಿಗೆ ನೋಡಿಬಿಟ್ಟಿದ್ದನ್ನ ಅಳಸಾಕ ಬರೋದಿಲ್ಲ ಅನ್ನೋದು ಖರೇ, ಆದ್ರೂ ರಿಪೋರ್ಟ್ ವಾಟ್ಸಾಪ್ ಮಾಡಿ ಅದು ಎಲ್ಲೆಲ್ಲಿ ಹೋತೋ ಗೊತ್ತಿಲ್ಲದಂಗ ಇರೋದಕ್ಕಿಂತ ಇದು ಎಷ್ಟೋ ಪಾಲು ಛಲೋ. ಕಣ್ಣಿನ ಡಾಕ್ಟರ್‌ಗೆ ನಿಮ್ಮ ಮನಸ್ಸಿನ ಬ್ಯಾನಿ ಗುಳಗಿ ತಿಳಿಯೋ ಅಗತ್ಯ ಇಲ್ಲಂತ ನಿಮಗ ಅನಿಸಿದ್ರ ಅದನ್ನ ತೋರಿಸದ ಬಿಡಬಹುದು.

ಆದ್ರ ಒಂದು ಮಾತು ಯಾರೂ ಹೇಳೋದಿಲ್ಲ, ಅದನ್ನ ಹೇಳೇ ಮುಗಸ್ತೀನಿ. ನಮ್ಮ ಕಾಕಾಗ ಆ್ಯಪ್ ಹಾಕ್ಕೊಡ್ಲೇನ್ರಿ ಅಂದ್ರ "ನನ್ನ ಬ್ಯಾನಿ ಊರಿಗೆಲ್ಲ ಯಾಕ ಗೊತ್ತಾಗ್ಬೇಕವಾ" ಅಂದ್ರು. ಅವರ ಅಂಜಿಕಿ ಸುಳ್ಳಲ್ಲ, ಟಿಬಿ ಅಂದ್ರ ಈಗ್ಲೂ ಮಂದಿ ದೂರ ಸರೀತಾರ, ಮದಿವಿ ಮಾಡೋ ಹುಡುಗಿ ಇದ್ರ ಥೈರಾಯ್ಡ್ ಅನ್ನೋದನ್ನೂ ಮುಚ್ಚಿಡ್ತಾರ. ಆದ್ರ ಗುಟ್ಟು ಹೊರಗ ಬೀಳೋದು ಸರ್ಕಾರದ ಸರ್ವರ್‌ನಿಂದ ಅಂತ ಅವರು ಅಂಜ್ತಾರ, ನಮ್ಮ ಮನಿಗಳೊಳಗ ಅದಕ್ಕಿಂತ ಮೊದಲ ಅದು ಹೊರಗ ಬೀಳೋದು ಫೋನಿನಿಂದ. ನಾಕು ಮಂದಿಗೆ ಒಂದು ಫೋನ್, ಪಾಸ್‌ವರ್ಡ್ ಎಲ್ಲಾರಿಗೂ ಗೊತ್ತು, ಮಾವನ ನಂಬರಿಗೆ ಸೊಸಿ ಓಟಿಪಿ, ಆಕಿಗೆ ಗರ್ಭಪಾತ ಆಗಿದ್ರ, ಗುಪ್ತ ರೋಗದ ತಪಾಸಣಿ ಆಗಿದ್ರ ಅದು ಆಕಿಗಿಂತ ಮೊದಲ ಮನಿ ಮಂದಿಗೆ ಕಾಣ್ತದ. ಹೆಣ್ಮಕ್ಕಳು ದಯವಿಟ್ಟು ನಿಮ್ಮದೇ ನಂಬರ್ ಆಧಾರ್‌ಗೆ ಜೋಡಿಸಿ ಆಮೇಲೆ ಆಭಾ ಮಾಡ್ಸ್ರಿ, ಯಾಕಂದ್ರ ಆಧಾರ್ ಮ್ಯಾಲೆ ಮಾಡ್ಸಿದ್ರ ಓಟಿಪಿ ಆ ನಂಬರಿಗೇ ಹೋಗ್ತದ. ಮಗ ಬೆಂಗಳೂರಾಗ ಇದ್ದು ಅವ್ವನ ಆಧಾರ್‌ಗೆ ಅವನ ನಂಬರ್ ಇದ್ದ ಮನಿಯವರಿಗೂ ಇದ ಮಾತು, ಇಲ್ಲಂದ್ರ ಅವ್ವ ಇಲ್ಲಿ ಕೌಂಟರ್ ಮುಂದ ನಿಂತಿರ್ತಾಳ, ಓಟಿಪಿ ಅಲ್ಲಿ ಆಫೀಸಿನ ಮೀಟಿಂಗ್‌ನಾಗ. ನಂಬರ್ ಬದ್ಲಿ ಮಾಡ್ಸಾಕ ಆಧಾರ್ ಕೇಂದ್ರಕ್ಕ ಹೋಗಬಹುದು, ಸ್ವಲ್ಪ ಫೀ ಅದ, ಆಧಾರ್ ಕೆಲಸ ಮಾಡೋ ಪೋಸ್ಟ್ ಆಫೀಸಿನಾಗೂ ಆಗ್ತದ.