ಇಳಿಯುವಾಗ ಬೆಲೆ ತಿಳಿಯುವ ಕೋಲು: ಒಂದು ಜೊತೆ ಟ್ರೆಕ್ಕಿಂಗ್ ಪೋಲ್‌ಗಳ ವಿಮರ್ಶೆ

ವಾರಾಂತ್ಯದ ಒಂದು ದಿನದ ಚಾರಣಕ್ಕೆ ನಾವು ನಾಲ್ವರು ಸ್ನೇಹಿತರು ಹೊರಟಾಗ, ನನ್ನ ಚೀಲದ ಬದಿಗೆ ಕಟ್ಟಿದ್ದ ಎರಡು ಕೋಲುಗಳನ್ನು ನೋಡಿ ಉಳಿದ ಮೂವರೂ ನಕ್ಕರು. "ಇಷ್ಟು ಬೇಗ ಊರುಗೋಲು ಬೇಕಾಯಿತೇ?" ಎಂದು ಕೇಳಿದವನೇ ಸಂಜೆ ಬೆಟ್ಟ ಇಳಿಯುವಾಗ ಅವುಗಳಲ್ಲಿ ಒಂದನ್ನು ಇಸಿದುಕೊಂಡು, ಕೆಳಗಿನ ದಾರಿ ಮುಟ್ಟುವ ತನಕ ಹಿಂದಿರುಗಿಸಲಿಲ್ಲ. ಹಾಗೆಂದು ಈ ಬರಹವನ್ನು ಕೋಲಿನ ಗುಣಗಾನವೆಂದು ಭಾವಿಸಬೇಕಾಗಿಲ್ಲ. ಅದೇ ಇಳಿಜಾರಿನಲ್ಲಿ ನನ್ನ ಕೈಯಲ್ಲಿ ಉಳಿದಿದ್ದ ಇನ್ನೊಂದು ಕೋಲು, ಭಾರ ಹಾಕಿದ ಕೂಡಲೇ ಒಳಕ್ಕೆ ಕುಸಿದು ನನ್ನನ್ನು ಬೀಳಿಸುವುದರಲ್ಲಿತ್ತು.

ಮೂರು ತುಂಡುಗಳು ಒಂದರೊಳಗೊಂದು ಸೇರುವ ಅಲ್ಯೂಮಿನಿಯಂ ಕೋಲುಗಳಿವು. ಪೂರ್ತಿ ಎಳೆದರೆ 135 ಸೆಂಟಿಮೀಟರ್ ಉದ್ದವಾಗುತ್ತವೆ. ಜೋಡಿಯ ತೂಕ ಸುಮಾರು ಅರ್ಧ ಕಿಲೋ. ಹಿಡಿಗೆ ಫೋಮ್ ಹೊದಿಕೆ, ಮಣಿಕಟ್ಟಿಗೆ ಪಟ್ಟಿ, ನೆಲಕ್ಕೆ ತಾಗುವ ಕಡೆ ಟಂಗ್‌ಸ್ಟನ್ ಕಾರ್ಬೈಡಿನ ಮೊನೆ. ಮೇಲಿನ ಕೀಲಿನಲ್ಲಿ ಹೊರಗಿನಿಂದ ಒತ್ತಿ ಮುಚ್ಚುವ ಸನ್ನೆಯ (ಲಿವರ್) ಲಾಕ್ ಇದ್ದರೆ, ಕೆಳಗಿನ ಕೀಲಿನಲ್ಲಿ ತಿರುಗಿಸಿ ಬಿಗಿ ಮಾಡುವ ಟ್ವಿಸ್ಟ್ ಲಾಕ್ ಇದೆ. ತಯಾರಕರ ಹೆಸರನ್ನು ಬರೆಯುತ್ತಿಲ್ಲ. ಇದೇ ವಿನ್ಯಾಸದ ಕೋಲುಗಳು ಹಲವು ಹೆಸರುಗಳಲ್ಲಿ ಸಿಗುವುದರಿಂದ, ಕೊಳ್ಳುವವರು ನೋಡಬೇಕಾದದ್ದು ಹೆಸರನ್ನಲ್ಲ, ಆ ಎರಡು ಕೀಲುಗಳನ್ನು.

ಉದ್ದ ಹೊಂದಿಸುವುದು ಸುಲಭ. ಮೊನೆಯನ್ನು ಪಾದದ ಪಕ್ಕ ಊರಿ ಹಿಡಿಯನ್ನು ಹಿಡಿದಾಗ ಮೊಣಕೈ ಲಂಬಕೋನದಲ್ಲಿ ಮಡಚಿದ್ದರೆ ಸಮತಟ್ಟಾದ ದಾರಿಗೆ ಅದು ಸರಿಯಾದ ಅಳತೆ. ಕಡಿದಾದ ಏರಿಗೆ ಐದರಿಂದ ಹತ್ತು ಸೆಂಟಿಮೀಟರ್ ತಗ್ಗಿಸಬೇಕು, ಇಳಿಜಾರಿಗೆ ಅಷ್ಟೇ ಹೆಚ್ಚಿಸಬೇಕು. ಪಟ್ಟಿಯ ಬಳಕೆಯನ್ನು ಮಾತ್ರ ಹೆಚ್ಚಿನವರು ತಪ್ಪಾಗಿ ಮಾಡುತ್ತಾರೆ. ಕೈಯನ್ನು ಪಟ್ಟಿಯ ಕೆಳಗಿನಿಂದ ಮೇಲಕ್ಕೆ ತೂರಿಸಿ, ಆಮೇಲೆ ಪಟ್ಟಿಯನ್ನೂ ಹಿಡಿಯನ್ನೂ ಸೇರಿಸಿ ಹಿಡಿದರೆ ಭಾರ ಮಣಿಕಟ್ಟಿನ ಮೂಲಕ ಕೋಲಿಗೆ ಇಳಿಯುತ್ತದೆ, ಬೆರಳುಗಳು ಸಡಿಲವಾಗಿರಬಹುದು. ಬಳೆ ತೊಟ್ಟಂತೆ ಮೇಲಿನಿಂದ ಕೈ ಹಾಕಿದರೆ ದಿನವಿಡೀ ಹಿಡಿಯನ್ನು ಹಿಂಡುತ್ತಲೇ ಇರಬೇಕಾಗುತ್ತದೆ. ಈ ಕೋಲಿನ ಪಟ್ಟಿಯ ಒಳಮೈ ಮೃದುವಾಗಿದ್ದು, ಏಳು ಗಂಟೆಗಳ ನಡಿಗೆಯ ನಂತರವೂ ಚರ್ಮ ಕೆಂಪಾಗಿರಲಿಲ್ಲ.

ನಮ್ಮ ದಾರಿ ಹೋಗಿ ಬರಲು 14 ಕಿಲೋಮೀಟರ್, ಒಟ್ಟು ಏರು 900 ಮೀಟರ್. ಸ್ಕಾಟ್ಲೆಂಡಿನ ಪರ್ವತಾರೋಹಿ ವಿಲಿಯಂ ನೈಸ್ಮಿತ್ 1892ರಲ್ಲಿ ಕೊಟ್ಟ ಲೆಕ್ಕಾಚಾರ ಚಾರಣಿಗರಲ್ಲಿ ಇಂದಿಗೂ ಬಳಕೆಯಲ್ಲಿದೆ. ಅದರ ಮೆಟ್ರಿಕ್ ರೂಪದಂತೆ ಪ್ರತಿ 5 ಕಿಲೋಮೀಟರಿಗೆ ಒಂದು ಗಂಟೆ, ಪ್ರತಿ 600 ಮೀಟರ್ ಏರಿಗೆ ಇನ್ನೊಂದು ಗಂಟೆ ಹಿಡಿಯಬೇಕು. ಆ ಪ್ರಕಾರ ನಮಗೆ ಸುಮಾರು ನಾಲ್ಕೂಕಾಲು ಗಂಟೆ ಸಾಕಿತ್ತು. ಆದರೆ ಆ ಸೂತ್ರದಲ್ಲಿ ವಿಶ್ರಾಂತಿಗೂ ಜಾಗವಿಲ್ಲ, ಕಡಿದಾದ ಇಳಿಜಾರಿನಲ್ಲಿ ಹೆಜ್ಜೆ ಎಣಿಸಿ ಇಳಿಯುವುದಕ್ಕೂ ಜಾಗವಿಲ್ಲ. ನಮ್ಮ ಹೆಚ್ಚುವರಿ ಹೊತ್ತು ಹೋದದ್ದು ಬಹುಮಟ್ಟಿಗೆ ಇಳಿಯುವುದರಲ್ಲೇ.

ಏರುವಾಗ ಕೋಲಿನಿಂದ ಏದುಸಿರು ಕಡಿಮೆಯಾಗುತ್ತದೆ ಎಂದು ಯಾರಾದರೂ ನಂಬಿದ್ದರೆ ಅವರಿಗೆ ನಿರಾಶೆ ಖಂಡಿತ. ಕಾಲಿನ ಕೆಲಸದಲ್ಲಿ ಒಂದಿಷ್ಟನ್ನು ತೋಳುಗಳು ಹಂಚಿಕೊಳ್ಳುತ್ತವೆಯೇ ಹೊರತು ಒಟ್ಟು ಕೆಲಸ ಕಡಿಮೆಯಾಗುವುದಿಲ್ಲ. ಬಂಡೆಗಳನ್ನು ಕೈಯಿಂದ ಹಿಡಿದು ಹತ್ತಬೇಕಾದ ಕಡೆ ಕೋಲುಗಳು ಬರೀ ಹೊರೆ. ಅಲ್ಲಿ ಅವನ್ನು ಮಡಚಿ ಚೀಲಕ್ಕೆ ಕಟ್ಟಲೇಬೇಕು, ಮಣಿಕಟ್ಟಿನಿಂದ ನೇತಾಡಲು ಬಿಟ್ಟರೆ ಬಿರುಕಿನಲ್ಲಿ ಸಿಕ್ಕಿಕೊಂಡು ಕೈಯನ್ನೇ ಎಳೆಯುತ್ತವೆ. ಬರಿಗಲ್ಲಿನ ಮೇಲೆ ಕಾರ್ಬೈಡ್ ಮೊನೆ ಎಬ್ಬಿಸುವ ಕಿರಕಿರ ಸದ್ದನ್ನು ನನ್ನ ಹಿಂದೆ ನಡೆಯುತ್ತಿದ್ದವರು ಇಂದಿಗೂ ಕ್ಷಮಿಸಿಲ್ಲ. ಅದಕ್ಕೆಂದೇ ಕೊಟ್ಟಿದ್ದ ರಬ್ಬರ್ ಟೊಪ್ಪಿಗಳಲ್ಲಿ ಒಂದು ಮೊದಲ ಕೆಸರಿನಲ್ಲೇ ಕಳಚಿಕೊಂಡು ಕಾಣೆಯಾಯಿತು.

ಶಿಖರದಿಂದ ಹಿಂದಿರುಗಿದ ಮೇಲೆ ಲೆಕ್ಕ ಬದಲಾಯಿತು. ಇಳಿಯುವಾಗ ಉಸಿರು ಹಗುರ, ಕಷ್ಟವೆಲ್ಲ ಮಂಡಿಗೆ. ತೊಡೆಯ ಮುಂಭಾಗದ ಸ್ನಾಯುಗಳು ಹಿಗ್ಗುತ್ತಿರುವಾಗಲೇ ದೇಹದ ಭಾರವನ್ನು ತಡೆಹಿಡಿಯಬೇಕು, ಮರುದಿನ ಮೆಟ್ಟಿಲು ಇಳಿಯುವಾಗ ಕಾಡುವ ನೋವಿನ ಮೂಲ ಅದೇ. 25 ಡಿಗ್ರಿ ಇಳಿಜಾರಿನಲ್ಲಿ ನಡೆಸಿ 1999ರಲ್ಲಿ ಪ್ರಕಟಿಸಿದ ಒಂದು ಅಧ್ಯಯನದಲ್ಲಿ, ಕೋಲು ಬಳಸಿದಾಗ ಮಂಡಿಯ ಮೇಲಿನ ಹೊರೆ ಶೇಕಡ 12ರಿಂದ 25ರಷ್ಟು ಇಳಿದದ್ದು ಕಂಡುಬಂದಿತ್ತು. ನನಗೆ ಅಳೆಯುವ ಉಪಕರಣವಿರಲಿಲ್ಲ, ಹೋಲಿಸಲು ಸ್ನೇಹಿತರಿದ್ದರು. ಸಡಿಲ ಜಲ್ಲಿಯ ಹಾದಿಯಲ್ಲಿ ನಾನು ಎರಡೂ ಕೋಲುಗಳನ್ನು ಒಂದು ಹೆಜ್ಜೆ ಮುಂದೆ ಊರಿ, ಭಾರವನ್ನು ಅವುಗಳಿಗೆ ಒಪ್ಪಿಸಿ, ನಂತರ ಕಾಲಿಳಿಸುತ್ತ ನೆಟ್ಟಗೆ ಬರುತ್ತಿದ್ದರೆ, ಬರಿಗೈಯವರು ಅಡ್ಡಡ್ಡ ತಿರುಗಿ, ಪೊದೆ ಹಿಡಿದು, ಎರಡು ಸಲ ಕುಳಿತೇ ಜಾರಿದರು. ಊರುಗೋಲೆಂದು ನಕ್ಕವನ ಮಂಡಿ ನೋಯತೊಡಗಿದ್ದು ಅಲ್ಲಿಯೇ, ಒಂದು ಕೋಲು ಅವನ ಪಾಲಾದದ್ದೂ ಅಲ್ಲಿಯೇ.

ಅವಾಂತರವಾದದ್ದು ತೊರೆ ದಾಟಿದ ಮೇಲೆ. ಆಳ ನೋಡಲು ಕೋಲನ್ನು ನೀರಿಗೆ ಇಳಿಸಿದ್ದೆ, ಕೆಳಗಿನ ಕೀಲು ನೆನೆಯಿತು. ಅಲ್ಲಿಂದ ಐವತ್ತು ಹೆಜ್ಜೆ ಹೋಗುವಷ್ಟರಲ್ಲಿ ಎತ್ತರದ ಒಂದು ಮೆಟ್ಟಿಲಿನಿಂದ ಇಳಿಯಲು ಭಾರ ಹಾಕಿದೆ, ಕೆಳಗಿನ ತುಂಡು ಸದ್ದಿಲ್ಲದೆ ಒಂದು ಗೇಣು ಒಳಕ್ಕೆ ಸರಿಯಿತು. ಟ್ವಿಸ್ಟ್ ಲಾಕಿನ ಒಳಗೆ ತಿರುಪಿನ ಮೇಲೆ ಕೂತ ಒಂದು ಪ್ಲಾಸ್ಟಿಕ್ ತುಂಡು ಇರುತ್ತದೆ. ತಿರುಗಿಸಿದಾಗ ಅದು ಹಿಗ್ಗಿ ಕೊಳವೆಯ ಒಳಗೋಡೆಯನ್ನು ಒತ್ತಿ ಹಿಡಿಯುತ್ತದೆ. ಹಿಡಿತವೆಲ್ಲ ಘರ್ಷಣೆಯದ್ದಾದ್ದರಿಂದ ನೀರೋ ನುಣ್ಣನೆಯ ಮಣ್ಣೋ ಒಳಸೇರಿದರೆ ಎಷ್ಟು ಬಿಗಿದರೂ ಜಾರುತ್ತದೆ, ಹೆಚ್ಚು ಬಿಗಿದರೆ ಆ ಪ್ಲಾಸ್ಟಿಕ್ಕೇ ಸವೆಯುತ್ತದೆ. ತುಂಡನ್ನು ಹೊರಗೆಳೆದು ಕರವಸ್ತ್ರದಿಂದ ಒರೆಸಿ ಮತ್ತೆ ಸೇರಿಸಿದಾಗ ಹಿಡಿತ ಮರಳಿತು, ನಂಬಿಕೆ ಮರಳಲಿಲ್ಲ. ಮೇಲಿನ ಸನ್ನೆಯ ಲಾಕ್ ಇಡೀ ದಿನ ಕೂದಲೆಳೆಯಷ್ಟೂ ಸರಿಯಲಿಲ್ಲ; ಸಡಿಲವಾದರೂ ಪಕ್ಕದ ಪುಟ್ಟ ತಿರುಪನ್ನು ಹೊರಗಿನಿಂದಲೇ ಬಿಗಿ ಮಾಡಬಹುದಿತ್ತು. ಒಂದೇ ಕೋಲಿನಲ್ಲಿ ಒಳ್ಳೆಯ ಕೀಲನ್ನು ಮೇಲಿಟ್ಟು, ಕೆಸರು ನೀರು ತಾಗುವ ಕಡೆಯೇ ದುರ್ಬಲ ಕೀಲನ್ನಿಟ್ಟ ತರ್ಕ ನನಗೆ ಅರ್ಥವಾಗಿಲ್ಲ.

ಲೋಹದ ಆಯ್ಕೆಯ ಬಗ್ಗೆ ಮಾತ್ರ ದೂರಿಲ್ಲ. ಕಾರ್ಬನ್ ಫೈಬರಿನ ಕೋಲು ಇನ್ನೂ ಹಗುರ, ಆದರೆ ಅಡ್ಡ ಹೊಡೆತಕ್ಕೆ ಮುರಿಯುತ್ತದೆ. ಅಲ್ಯೂಮಿನಿಯಂ ಸಾಮಾನ್ಯವಾಗಿ ಮೊದಲು ಬಾಗುತ್ತದೆ. ನನ್ನ ಒಂದು ಕೋಲು ಎರಡು ಬಂಡೆಗಳ ನಡುವೆ ಸಿಕ್ಕಿ ಸ್ವಲ್ಪ ಬಾಗಿತ್ತು, ಆದರೂ ಕೆಳಗಿನವರೆಗೆ ಕೆಲಸ ಕೊಟ್ಟಿತು.

ಕೆಲವೇ ಗಂಟೆಗಳ ಒಣ ಹಾದಿಗಾದರೆ ಈ ಜೋಡಿ ಸಾಕು. ತೊರೆ, ಕೆಸರು, ಉದ್ದನೆಯ ಇಳಿಜಾರು ಇರುವ ಕಡೆಗೆ ಹೊರಡುವವರು ಎರಡೂ ಕೀಲುಗಳಲ್ಲಿ ಸನ್ನೆಯ ಲಾಕ್ ಇರುವುದನ್ನೇ ಕೊಳ್ಳಬೇಕು, ತೂಕ ತುಸು ಹೆಚ್ಚಾದರೂ ಸರಿಯೇ. ಮನೆಗೆ ಬಂದ ರಾತ್ರಿ ತುಂಡುಗಳನ್ನೆಲ್ಲ ಬೇರ್ಪಡಿಸಿ ಹಳೆಯ ಪತ್ರಿಕೆಯ ಮೇಲೆ ಕೊಡವಿದಾಗ ಕೆಳಗಿನ ಕೊಳವೆಯಿಂದ ಒಂದು ಚಮಚದಷ್ಟು ಮರಳು ನೀರು ಸುರಿಯಿತು. ಒಣಗಿಸಿ, ಎಣ್ಣೆ ಸೋಕಿಸದೆ ಮತ್ತೆ ಜೋಡಿಸಿಟ್ಟಿದ್ದೇನೆ. ಬಾಗದೆ ಉಳಿದ ಕೋಲನ್ನು ಸ್ನೇಹಿತ ಮುಂದಿನ ಚಾರಣಕ್ಕೆ ಈಗಾಗಲೇ ಕಾಯ್ದಿರಿಸಿದ್ದಾನೆ.